ಕಣದಂಚಿಗೆ ಬಿಟ್ಟ ಚಪ್ಪಲಿ

"ಥೂ, ಕಣ್ಣು ಕಾಣಲ್ವೇನ್ಲಾ ನಿಂಗೆ? ಅಷ್ಟಗಲ ಟಾರು ರೋಡು ಬುಟ್ಟು ನನ್ನ ತೋಟಕ್ಕೆ ನುಗ್ಗಿದ್ದೀಯಲ್ಲ! ಗಾಡಿ ಓಡ್ಸಕ್ಕೆ ಬರದಿದ್ರೆ ಮನೇಲಿ ಸಗಣಿ ಬಾಚ್ಕಂಡು ಬಿದ್ದಿರು!"

ಚಿಕ್ಕರಂಗಯ್ಯ ತಲೆಗೂದಲಿಗೆ ಅಂಟಿದ್ದ ಹುರುಳಿ ಹೊಟ್ಟು ಕೊಡವಿಕೊಳ್ಳುತ್ತ ಬೈಯುತ್ತಿದ್ದರೆ, ಸದ್ದು ಕೇಳಿ ಓಡಿ ಬಂದಿದ್ದ ಅರ್ಧ ಊರು ಗೊಳ್ಳೆಂದು ನಕ್ಕಿತು. ಕೆಂಪು ಕಾರು ತೆಂಗಿನ ಮರದ ಪಾತಿಯೊಳಗೆ ಮೂತಿ ತುರುಕಿಕೊಂಡು ಹಬೆ ಬಿಡುತ್ತಿತ್ತು. ಮುಂದಿನ ಗಾಲಿ ಅಡ್ಡಡ್ಡ ಮುರಿದು ಮಲಗಿತ್ತು. ಅದರಡಿ ಒಂದು ಎಳೇ ತೆಂಗಿನ ಸಸಿ ನುಗ್ಗಾಗಿತ್ತು.

ಪಕ್ಕದ ಸೀಟಿನಿಂದ ಇಳಿದ ತಿಲಕ್ ಬಂದು, ಕಾರು ಓಡಿಸಿದ್ದ ಕಲ್ಲೇಶನ ಭುಜ ಒತ್ತಿ ಹಿಡಿದುಕೊಂಡ. ಸಮಾಧಾನ ಮಾಡಲಿಕ್ಕಲ್ಲ, ಇವನು ಮುದುಕನ ಮೇಲೆ ಎಗರಿಬಿಟ್ಟಾನು ಅಂತ. ಮೇಷ್ಟ್ರು ಅಂದ ಒಂದು ಮಾತಿಗೆ ಒಂಬತ್ತನೇ ಕ್ಲಾಸಿನಲ್ಲಿ ಬ್ಯಾಗು ಬಿಸಾಕಿ ಬಂದು, ಮತ್ತೆ ಆ ಕಡೆ ತಲೆ ಹಾಕದ ಆಸಾಮಿ ಕಲ್ಲೇಶ. ಈಗಲೂ ಅವನು ಮುದುಕನ ಮೇಲಿಂದ ಕಣ್ಣು ಕಿತ್ತಿರಲಿಲ್ಲ. ಅದು ಸಿಟ್ಟಿನ ನೋಟ ಅಂತಲೇ ತಿಲಕ್ ತಿಳಿದ.

"ಬುಡು ಮಗಾ, ವಯಸ್ಸಾದೋರು. ಆದ್ರೆ ನೀನ್ಯಾಕ್ಲಾ ಸ್ಟೇರಿಂಗ್ ಎಳ್ದೆ? ಸೇತುವೆವರೆಗೂ ನೇರ, ನೇರ ಅಂತ ಪಕ್ಕದಲ್ಲಿ ಬಡ್ಕಂತಾನೇ ಇದ್ನಲ್ಲ. ವರ್ಷವೆಲ್ಲಾ ಈ ಡಬ್ಬಾ ರಿಪೇರಿ ಮಾಡ್ಕಂಡು ಸತ್ತಿದ್ದು ಇದಕ್ಕೇನಾ? ಇಡೀ ರ‍್ಯಾಲಿಗೆ ನಮ್ ಸೀಮೆ ಗಾಡಿ ಅಂತ ಇದ್ದಿದ್ದು ಇದೊಂದೇ ಕಣ್ಲಾ!"

ಕಲ್ಲೇಶ ಹೆಲ್ಮೆಟ್ಟು ಕಳಚಿ ಕೈಯಲ್ಲಿ ಹಿಡಿದ.

ಬೆಳಿಗ್ಗೆ ರ‍್ಯಾಲಿಯವರು ಹಾಲ್ಕುರಿಕೆ ದಾರಿಯುದ್ದಕ್ಕೂ ಮೈಕಿನಲ್ಲಿ ಸಾರಿಕೊಂಡು ಹೋಗಿದ್ದರು. ಇವತ್ತು ಬಸ್ಸಿಲ್ಲ, ಲಾರಿಯಿಲ್ಲ, ರೇಸಿನ ಕಾರು ಮಾತ್ರ, ಯಾರೂ ರೋಡಿಗೆ ಬರಬೇಡಿ ಅಂತ. ಚಿಕ್ಕರಂಗಯ್ಯನ ಕಿವಿಗೆ ಬಿದ್ದದ್ದು ಎರಡೇ: ರೋಡು ಖಾಲಿ, ಗಾಲಿ ಬಿಟ್ಟಿ. ಹುರುಳಿ ಒಕ್ಕಲು ಇನ್ನೇನು ಬೇಕು? ಗಿಡ ತಂದು ರೋಡಿನಗಲಕ್ಕೂ ಹರಡಿದ. ಒಂದರ ಹಿಂದೆ ಒಂದು ಕಾರು ತುಳಿದುಕೊಂಡು ಹೋದವು. ಕಾಯಿ ಚಟಚಟ ಒಡೆಯಿತು. ಎಲ್ಲವೂ ಹೋದವು ಅಂದುಕೊಂಡು ಕವೆಗೋಲು ಹಿಡಿದು ಗಿಡ ತಿರುವಿಹಾಕಲು ಇಳಿದವನಿಗೆ ಸೊಂಟ ಹಿಡಿಯಿತು. ಬಿಸಿಲಿಗೆ ಮುಖದ ಮೇಲೆ ಒಂದು ತಬ್ಬು ಗಿಡ ಎಳೆದುಕೊಂಡು ಅಲ್ಲೇ ಮೈ ಚಾಚಿದ. ಹುಳಿಯಾರಿನ ಹತ್ತಿರ ಪಂಚರಾಗಿ ಹಿಂದೆ ಬಿದ್ದಿದ್ದ ಕೆಂಪು ಕಾರೊಂದು ಇನ್ನೂ ಬರುವುದಿದೆ ಅಂತ ಅವನಿಗೇನು ಗೊತ್ತು? ಕಿವಿಯೂ ಮಂದ.

ಹೋದ ಹೊತ್ತನ್ನು ಹಿಡಿಯಲು ಕಲ್ಲೇಶ ಆಕ್ಸಿಲರೇಟರ್ ಪೂರ್ತಿ ಅದುಮಿದ್ದ. ರೋಡಿನ ಮೇಲೆ ಹುರುಳಿ ಕಂಡರೆ ಈ ಕಡೆಯ ಡ್ರೈವರ್ ಯಾವನೂ ಬ್ರೇಕು ಮುಟ್ಟಲ್ಲ, ಅವನೂ ಮುಟ್ಟಲಿಲ್ಲ. ಮುದುಕ ಅವನ ಕಣ್ಣಿಗೆ ಬೀಳಲೇ ಇಲ್ಲ. ಬಿದ್ದದ್ದು ಗಿಡದ ಅಂಚಿಗೆ ಒತ್ತಾಗಿ ಬಿಟ್ಟಿದ್ದ ಒಂದು ಜೊತೆ ಸವೆದ ಚಪ್ಪಲಿ. ಕಾಳಿನ ಮೇಲೆ ಚಪ್ಪಲಿ ಮೆಟ್ಟಿ ಓಡಾಡೋರು ಆ ಸೀಮೆಯಲ್ಲಿ ಇಲ್ಲ. ಚಿಕ್ಕವನಿದ್ದಾಗ ಹಂಗೆ ರಾಗಿ ಕಣಕ್ಕೆ ನುಗ್ಗಿದ್ದಕ್ಕೆ ಅವನಜ್ಜಿ ಮೀನಖಂಡಕ್ಕೆ ಬರೆ ಬರುವಂಗೆ ಬಾರಿಸಿದ್ದಳು. ಚಪ್ಪಲಿ ಹೊರಗಿದೆ ಅಂದರೆ ಕಾಲು ಒಳಗಿದೆ. ಇದನ್ನೆಲ್ಲ ಅವನು ಯೋಚನೆ ಮಾಡಲಿಲ್ಲ. ಕೈ ತಾನೇ ತಿರುಗಿಬಿಟ್ಟಿತ್ತು.

ಅಷ್ಟರಲ್ಲಿ ಮುದುಕನ ಸೊಸೆ ಗಂಗಕ್ಕ ಊಟದ ಪುಟ್ಟಿ ಹೊತ್ತು ಏದುಸಿರು ಬಿಡುತ್ತ ಬಂದಳು.

"ಏನಾಯ್ತು ಮಾವ? ನೀವೆಲ್ಲಿದ್ರಿ?"

"ಅಲ್ಲೇ, ಕಣದಾಗೆ. ಒಂದು ಗಳಿಗೆ ಕಣ್ಣು ಮುಚ್ಚಿದ್ದೆ. ಈ ನನ್ಮಗ ಧಡಾರಂತ ಎಬ್ಬಿಸ್ದ. ಸಸಿ ನೋಡು, ಹೆಂಗೆ ಮಾಡವ್ನೆ!"

"ನಿದ್ದೆ ಕೆಡಿಸಿದ್ದಕ್ಕೂ ಕೇಸ್ ಹಾಕು ಕಣಣ್ಣ!" ಅಂತ ಯಾರೋ ಅಂದರು. ಜನ ಮತ್ತೆ ನಕ್ಕರು.

ಗಂಗಕ್ಕ ನಗಲಿಲ್ಲ. ರೋಡಿನ ಕಡೆ ತಿರುಗಿ ನೋಡಿದಳು. ಹುರುಳಿ ಗಿಡದ ನಡುವೆ ಒಂದಾಳು ಮಲಗೆದ್ದಷ್ಟು ತಗ್ಗು. ಅಲ್ಲಿಗೇ ನೇರ ಬಂದಿದ್ದ ಗಾಲಿಯ ಪಟ್ಟೆ ಒಂದು ಮಾರು ಈಚೆಗೆ ಸರಕ್ಕನೆ ತೋಟಕ್ಕೆ ತಿರುಗಿತ್ತು. ಪುಟ್ಟಿ ತಲೆಯಿಂದ ಜಾರಿ ಮುದ್ದೆ ಮಣ್ಣಿಗೆ ಉರುಳಿತು. ಅವಳು ಕಲ್ಲೇಶನ ಮುಖ ನೋಡಿದಳು. "ಅಪ್ಪಾ..." ಅಂದಳು, ಮಾವನ ಕಡೆ ತಿರುಗಿದಳು. ಹೇಳಬೇಡ ಅನ್ನುವಂತೆ ಕಲ್ಲೇಶ ತಲೆಯಾಡಿಸಿದ. ಅವಳು ನೋಡಿದ ಕಡೆಯೇ ನೋಡಿದ ತಿಲಕ್‌ನ ಕೈ ಅವನ ಭುಜದಿಂದ ಮೆತ್ತಗೆ ಕೆಳಗಿಳಿಯಿತು.

"ಲೇ ಕಲ್ಲೇಶ..."

"ಅವ್ನೇನು ಮೂಗನೇನ್ಲಾ?" ಮುದುಕ ಕೋಲು ನೆಲಕ್ಕೆ ಕುಟ್ಟಿದ. "ಮಾಡೋದೆಲ್ಲ ಮಾಡಿ ಕಂಬದಂಗೆ ನಿಂತವ್ನೆ. ಬಾಯಿ ಬುಡ್ಲಾ! ಯಾರ ಮಗ ನೀನು? ಕರಿ ನಿಮ್ಮಪ್ಪನ್ನ!"

ಕಲ್ಲೇಶ ಹೆಲ್ಮೆಟ್ಟು ಕಂಕುಳಿಗೆ ಸಿಕ್ಕಿಸಿಕೊಂಡು ಬದು ಹತ್ತಿ ರೋಡಿಗೆ ಬಂದ. ತನ್ನ ಶೂ ಒಂದು ಕಾಳಿಗೂ ತಾಗದಂತೆ ಹುರುಳಿಯನ್ನು ಬಳಸಿಕೊಂಡು, ಆ ಚಪ್ಪಲಿ ದಾಟಿ ನಡೆದ. ಹಿಂದಿನಿಂದ ಬೈಗುಳ ಬರುತ್ತಲೇ ಇತ್ತು, ಅಪ್ಪನಿಂದ ಅಜ್ಜನವರೆಗೂ ಏರಿತ್ತು. ಎಂಥಾ ಗಟ್ಟಿ ಗಂಟಲು! ಅದು ಇನ್ನೊಂದಿಷ್ಟು ಹೊತ್ತು ಕೇಳಿಸಲಿ ಅಂತ ಕಲ್ಲೇಶ ಹೆಜ್ಜೆ ನಿಧಾನ ಮಾಡಿದ.