ಕೆಂಪು ಗುರುತಿನ ನಲ್ಲಿ

"ಮನೇಲಿ ಎಷ್ಟು ಜನ ಅಮ್ಮಾ?" ಅಡುಗೆಮನೆಯ ಏಣಿಯ ಮೇಲಿನಿಂದಲೇ ಪ್ಲಂಬರ್ ಕೇಳಿದ.

"ಇಬ್ಬರು," ಎಂದಳು ಅವಳು, ಥಟ್ಟನೆ.

ಆಚೆ ಸೋಫಾದಲ್ಲಿ ಪೇಪರು ಹಿಡಿದು ಕೂತಿದ್ದ ಗಂಡ ತಲೆಯೆತ್ತಿದ. ತನ್ನ ತಾಯಿಯನ್ನು ಬಿಟ್ಟು ಹೇಳಿದ್ದು ಅವನಿಗೆ ಕೇಳಿಸಿತ್ತು. ಆದರೂ ಮತ್ತೆ ಪೇಪರಿಗೆ ತಲೆ ತಗ್ಗಿಸಿದ. ಹೆಂಡತಿಗೂ ತಾಯಿಗೂ ಒಟ್ಟಿಗೆ ಒಳ್ಳೆಯವನಾಗಿ ಉಳಿಯುವ ವಿದ್ಯೆ ಅವನಿಗೆ ಹುಟ್ಟಿನಿಂದಲೇ ಬಂದಿತ್ತು.

"ಇಬ್ಬರಿಗಾದ್ರೆ ಚಿಕ್ಕ ಬಾಯ್ಲರ್ ಸಾಕು. ಮೂರು ಜನ ಅಂದ್ರೆ ದೊಡ್ಡದೇ ಬೇಕು. ಮುಂದೆ ಯಾರಾದ್ರೂ ಬರೋರಿದ್ರೆ ಈಗ್ಲೇ ಹೇಳ್ಬಿಡಿ."

"ಯಾರೂ ಬರೋದಿಲ್ಲ."

ಹಳೆಯ ಬಾಯ್ಲರಿನ ತಳ ತೂತಾಗಿ ಹದಿನೈದು ದಿನವಾಗಿತ್ತು. ಆ ನೆಪ ಸಿಕ್ಕಿದ್ದೇ ತಡ, ಅತ್ತೆಯನ್ನು ನಾದಿನಿಯ ಮನೆಗೆ ಸಾಗಹಾಕಿದ್ದಳು. "ಈ ಚಳೀಲಿ ತಣ್ಣೀರು ಸ್ನಾನ ನಿಮ್ಮ ಕೈಲಾಗಲ್ಲ ಅತ್ತೆ, ಹೊಸದು ಬರೋವರೆಗೆ ಅಲ್ಲಿರಿ" ಎಂದಾಗ ಅತ್ತೆ ಯಾಕೋ ನಕ್ಕಿದ್ದರು. ಈಗ ಚಿಕ್ಕದು ಗೋಡೆಗೇರಿದರೆ ಅವರು ಮರಳಿ ಬರುವ ದಾರಿಗೆ ಬೀಗ ಬಿದ್ದಂತೆ. ಬಿಸಿನೀರು ಸಾಲದು ಅಂದರೆ ಯಾರು ಎದುರಾಡುತ್ತಾರೆ?

ಎರಡು ಚಳಿಗಾಲ ಅವಳು ಹಲ್ಲು ಕಚ್ಚಿ ಸಹಿಸಿದ್ದಳು. ಮಾವ ತೀರಿಕೊಂಡ ಮೇಲೆ ಅತ್ತೆ ಈ ಮನೆಗೆ ಬಂದರು. ಅದೇ ತಿಂಗಳು, ಅವಳು ಕೆಲಸಕ್ಕೆ ಹೋಗಿದ್ದ ಒಂದು ದಿನ, ಗಂಡ ಇದೇ ಪ್ಲಂಬರನನ್ನು ಕರೆಸಿ ಮುಂದಿನ ಬಚ್ಚಲಿಗೆ ತಟ್ಟೆಯಗಲದ ಶವರ್ ಹಾಕಿಸಿಕೊಂಡ. ಒಳಹೊಕ್ಕರೆ ಏಳೂವರೆಯವರೆಗೆ ಹಾಡಿಕೊಂಡು ನಿಲ್ಲುವವನು. ಹೆಂಗಸರಿಬ್ಬರಿಗೆ ಹಿಂದಿನ ಬಚ್ಚಲು.

ಮೊದಲು ಅತ್ತೆ ಹೋಗುವರು. ಐದೇ ನಿಮಿಷಕ್ಕೆ ಹೊರಗೆ ಬಂದು, "ಹೋಗಮ್ಮಾ, ಬಿಸಿನೀರೆಲ್ಲ ನಿಂಗೇ ಬಿಟ್ಟಿದೀನಿ. ಸೂಜಿ ಹಿಡಿಯೋ ಕೈ, ಬೆಚ್ಚಗಿರ್ಬೇಕು" ಅನ್ನುವರು. ಅವಳು ಹೋಗಿ ಕೆಂಪು ಗುರುತಿನ ನಲ್ಲಿ ತಿರುಗಿಸಿದರೆ ಒಂದು ಹನಿಯಿಲ್ಲ. ನಲ್ಲಿಯ ಬಾಯಿ ಒಣಗಿರುವುದು. ಬಾಯ್ಲರನ್ನೇ ಬಳಿದು ಮುಗಿಸಿ, ಮೇಲೆ ಈ ಕೊಂಕು ಬೇರೆ! ನೀಲಿ ನಲ್ಲಿಯ ನೀರನ್ನೇ ಸುರಿದುಕೊಂಡು ಹೊಲಿಗೆ ಅಂಗಡಿಗೆ ಓಡಿದರೆ, ಮಧ್ಯಾಹ್ನದವರೆಗೂ ಬೆರಳು ಮರಗಟ್ಟಿ ಸೂಜಿಗೆ ದಾರ ಏರುತ್ತಿರಲಿಲ್ಲ.

ಬಚ್ಚಲಿನ ಕನ್ನಡಿಯ ಮೇಲೆ ಆವಿಯ ಗುರುತೂ ಇರುತ್ತಿರಲಿಲ್ಲ. ಒರೆಸಿಟ್ಟು ಬರುತ್ತಾರೆ, ಜಾಣೆ, ಎಂದುಕೊಳ್ಳುವಳು. ಶಾಲು ಹೊದ್ದು ಗಡಗಡ ನಡುಗುವ ಅತ್ತೆಯನ್ನು ಕಂಡರಂತೂ ಮೈ ಉರಿಯುತ್ತಿತ್ತು. ಈ ಅಭಿನಯಕ್ಕೆ ನಾಟಕದ ಕಂಪನಿಯೇ ಸರಿ. ನೇರವಾಗಿ ಕೇಳಲು ಅಭಿಮಾನ ಅಡ್ಡ ಬಂತು. ಮಾತೇ ಕಡಿಮೆ ಮಾಡಿದಳು. ಗಂಡನಿಗೆ ದೂರಿದರೆ ಒಂದೇ ಉತ್ತರ: "ಅಮ್ಮಂಗೆ ವಯಸ್ಸಾಯ್ತು. ನೀನೇ ಸ್ವಲ್ಪ ಹೊಂದ್ಕೊಂಡು ಹೋಗು."

ಫೋನು ಬಡಿದುಕೊಂಡಿತು. ಅತ್ತೆ.

"ಬಾಯ್ಲರ್ ಬಂತೇನಮ್ಮಾ? ಯಾವಾಗ ಬರ್ಲಿ ನಾನು? ಇಲ್ಲಿ ಅಳಿಯಂದ್ರು ಮುಖ ಕೊಟ್ಟು ಮಾತಾಡ್ತಿಲ್ಲ."

"ಚಿಕ್ಕದು ಹಾಕಿಸ್ತಿದೀವಿ ಅತ್ತೆ. ಇಬ್ಬರಿಗಷ್ಟೇ ಸಾಲೋದು."

"ಅಷ್ಟೇ ತಾನೆ? ನಂಗ್ಯಾಕಮ್ಮ ಬಿಸಿನೀರು? ನೀವಿಬ್ರು ಮಾಡ್ಕೊಳ್ಳಿ. ಮಲಗೋಕೊಂದು ಮೂಲೆ ಇದ್ರೆ ಸಾಕು ನಂಗೆ."

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು!

"ಬೇಡ ಅತ್ತೆ. ನೀವು ಅಲ್ಲೇ ಇದ್ಬಿಡಿ." ಫೋನಿಟ್ಟಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಪ್ಲಂಬರ್ ಹಳೆಯ ಬಾಯ್ಲರನ್ನು ಕೆಳಗಿಳಿಸಿ ಬೆರಳಿನಿಂದ ತಟ್ಟಿದ. "ಇದು ದೊಡ್ಡದೇ ಇತ್ತಲ್ಲಮ್ಮ. ನಾಲ್ಕು ಜನಕ್ಕೆ ಧಾರಾಳ."

"ಎಲ್ಲಿ ಧಾರಾಳ? ಒಬ್ಬರು ಸ್ನಾನ ಮಾಡಿ ಬಂದ್ರೆ ಇನ್ನೊಬ್ಬರಿಗೆ ಹಿಂದಿನ ನಲ್ಲೀಲಿ ಏನೂ ಬರ್ತಿರಲಿಲ್ಲ. ಪೂರ್ತಿ ಖಾಲಿ."

ಅವನು ನಕ್ಕ. "ಬಾಯ್ಲರ್ ಹಾಗೆ ಖಾಲಿಯಾಗಲ್ಲಮ್ಮ. ಬಿಸಿ ಹೊರಗೆ ಹೋದಷ್ಟೂ ತಣ್ಣೀರು ಒಳಗೆ ಬರುತ್ತೆ. ಬಿಸಿ ಮುಗಿದ್ರೆ ನಲ್ಲೀಲಿ ತಣ್ಣೀರಾದ್ರೂ ಬರ್ಲೇಬೇಕು. ಏನೂ ಬರ್ಲಿಲ್ಲ ಅಂದ್ರೆ..." ಮತ್ತೆ ಏಣಿ ಹತ್ತಿ ಪೈಪಿನ ಜಾಡು ಹಿಡಿದು, ಜೇಡರಬಲೆ ಸರಿಸಿದ. "ಇಲ್ನೋಡಿ. ಹಿಂದಿನ ಬಚ್ಚಲಿಗೆ ಬಿಸಿನೀರು ಬಿಡೋ ವಾಲ್ವ್ ಮುಚ್ಚಿದೆ. ತುಕ್ಕು ಹಿಡಿದು ಕೂತಿದೆ. ಎರಡು ವರ್ಷದಿಂದ ತೆಗೆದೇ ಇಲ್ಲ."

"ಅಂದ್ರೆ, ಎರಡು ವರ್ಷದಿಂದ ಆ ನಲ್ಲಿಗೆ..."

"ಒಂದು ಹನಿ ಬಿಸಿನೀರೂ ಹೋಗಿಲ್ಲ. ಮೊದಲು ಹೋದೋರಿಗೂ ಇಲ್ಲ, ಆಮೇಲೆ ಹೋದೋರಿಗೂ ಇಲ್ಲ."

ಯಾರೂ ಒರೆಸದೆಯೇ ಶುಭ್ರವಾಗಿದ್ದ ಕನ್ನಡಿ ಅವಳ ಕಣ್ಣ ಮುಂದೆ ಬಂತು.

"ಯಾರು ಮುಚ್ಚಿದ್ದು ಇದನ್ನ?"

ಸೋಫಾದಲ್ಲಿ ಪೇಪರು ಮುಖಕ್ಕಿಂತ ಮೇಲೇರಿತು.

"ನಾನೇ ಅಲ್ವೇನಮ್ಮಾ, ಆ ಶವರ್ ಹಾಕಿದ ದಿನ. ನೀರು ಜೋರಾಗಿ ಬೀಳ್ಬೇಕಾದ್ರೆ ಒಂದು ಲೈನ್ ಮುಚ್ಚಬೇಕು ಅಂದೆ. 'ಹಿಂದಿನ ಬಚ್ಚಲಿಂದು ಮುಚ್ಚು, ಅದನ್ನ ಯಾರೂ ಬಳಸಲ್ಲ' ಅಂದ್ರು ಯಜಮಾನ್ರು."