ನೂರಕ್ಕೆ ನೂರು ಹಸಿರು

"ಇದೇನು ಭಾವ, ಪ್ಲಾಸ್ಟಿಕ್ಕಾ?"

ಬೋರ್ಡಿನ ಬಾಲದ ಹತ್ತಿರ ಬಗ್ಗಿ ಭಾಮೈದ ಕೇಳಿದ ಧಾಟಿ ನೋಡಿದರೆ ಅಲ್ಲಿ ಹಾವು ಸುರುಳಿ ಸುತ್ತಿ ಮಲಗಿದೆ ಅನ್ನಬೇಕು. ಇದ್ದದ್ದು ಗಾಳಿತೂತಿಗೆ ಹಾಕಿದ, ಉಗುರಿನಗಲದ ಒಂದು ಹಳದಿ ತಿರುಪು. ಬಡಗಿ ಉಳಿ ಕೆಳಗಿಟ್ಟು ಹೌದು ಎಂದ. ಮೂರು ತಿಂಗಳು ಬಾಗಿಲು ಕಿಟಕಿಯ ಕೆಲಸವನ್ನೆಲ್ಲ ವಾಪಸು ಕಳಿಸಿ, ಗಾಳಿಗೆ ತಾನಾಗಿ ಬಿದ್ದ ಮರ ಹುಡುಕಿ ತಂದು, ತೆಳ್ಳಗೆ ಸೀಳಿ, ಬಗ್ಗಿಸಿ, ಎಣ್ಣೆ ಉಜ್ಜಿ ಉಜ್ಜಿ ಮಾಡಿದ ಸರ್ಫ್‌ಬೋರ್ಡು ಅದು. ಅವನ ಕೈಯಿಂದ ಬಂದ ಮೊದಲನೆಯದು. ಹತ್ತು ಗಂಟೆಗೆ, ಪರಿಸರಕ್ಕೆ ಕೇಡಿಲ್ಲದ ವಸ್ತುಗಳಿಗೆ ಹಸಿರು ಮುದ್ರೆ ಒತ್ತುವ ಸಮಿತಿಯವರು ಕಡಲ ದಂಡೆಗೆ ಬರುವವರಿದ್ದರು. ಮುದ್ರೆ ಬಿದ್ದರೆ ಭಾವ-ಭಾಮೈದರ ಪಾಲಿಗೆ ಒಂದು ಕಾರ್ಖಾನೆ. ಬೀಳದಿದ್ದರೆ ಮತ್ತೆ ಬಾಗಿಲು ಕಿಟಕಿ, ಅದೂ ಹಳೇ ಗಿರಾಕಿಗಳು ತಿರುಗಿ ನೋಡಿದರೆ.

"ಬೋರ್ಡು ಒಳಗೆ ಟೊಳ್ಳು ಮಾರಾಯ. ಬಿಸಿಲಿಗೆ ಗಾಳಿ ಉಬ್ಬಿದ್ರೆ ಸಂದು ಬಿಟ್ಕೊಳ್ಳುತ್ತೆ. ಅದಕ್ಕೇ ದಂಡೇಲಿದ್ದಾಗ ತಿರುಪು ಸಡಿಲ ಮಾಡ್ಬೇಕು, ನೀರಿಗಿಳಿಯೋ ಮುಂಚೆ ಬಿಗಿ ಮಾಡ್ಬೇಕು. ಅಷ್ಟೇ."

"ಅಷ್ಟೇ ಅಂತೀರಲ್ಲ ಭಾವ. ಅರ್ಜೀಲಿ ನಾನು ಪ್ಲಾಸ್ಟಿಕ್ ಸೊನ್ನೆ ಅಂತ ಬರ್ದು ಸಹಿ ಹಾಕಿದೀನಿ."

"ಹಿತ್ತಾಳೇದು ಹಾಕೋಣ."

"ಗಣಿಯಿಂದ ಬಂದದ್ದು ಕೂಡದು. ಪುಟ ಹನ್ನೆರಡು."

"ಜೇನುಮೇಣ?"

"ಜೇನುಹುಳದ ಒಪ್ಪಿಗೆ ಬೇಕಂತೆ. ಪುಟ ಹದಿನಾಲ್ಕು."

ಮೊನ್ನೆಮೊನ್ನೆಯವರೆಗೆ ಪ್ಲಾಸ್ಟಿಕ್ ಬಕೆಟ್ ಮಾರುತ್ತಿದ್ದ ಮಹಾನುಭಾವನಿಗೆ ಈಗ ನಿಯಮಾವಳಿ ಪೂರ್ತಿ ಬಾಯಿಪಾಠ. ಬಡಗಿಗೆ ರೇಗಿತು. ಬೋರ್ಡು ತೇಲಬೇಕಾದದ್ದು ನೀರಿನ ಮೇಲೆ, ನಿನ್ನ ಪುಸ್ತಕದ ಮೇಲಲ್ಲ ಎಂದು ಹೇಳಿ, ಒಗೆದ ಅಂಗಿ ತೊಟ್ಟುಕೊಳ್ಳಲು ಒಳಗೆ ಹೋದ. ಹೋಗಬಾರದಿತ್ತು.

ಸಮಿತಿಯಲ್ಲಿದ್ದವರು ಮೂವರು, ಬಂದದ್ದು ಮೂರು ಕಾರಿನಲ್ಲಿ. ಅಧ್ಯಕ್ಷೆ ಬೋರ್ಡಿನ ಸುತ್ತ ಎರಡು ಸುತ್ತು ಬಂದು, ಮೂಸಿ ನೋಡಿ, ಏನೇನೋ ಬರೆದುಕೊಂಡರು. ಬಡಗಿಯ ಮಗಳು ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಡಲಿಗೆ ಇಳಿದಳು. ಅಲೆಯ ಮೇಲೆ ನಿಲ್ಲುವುದನ್ನು ಊರಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರಿಲ್ಲ. ಮೊದಲನೇ ಅಲೆಗೇ ಅವಳು ಎದ್ದು ನಿಂತಾಗ ಬಡಗಿಗೆ ಎದೆ ತುಂಬಿ ಬಂತು. ಅವಳು ತಿರುಗಿಸಿದ ಹೊತ್ತಿಗೆ ಬೋರ್ಡಿನ ಬಾಲ ಬಿಸಿಲಿಗೆ ಹೊಳೆಯಿತು. ಅಲ್ಲಿ ಹಳದಿ ಕಾಣಲಿಲ್ಲ.

"ತಿರುಪು ಎಲ್ಲೋ?"

"ಗಾಬರಿಯಾಗ್ಬೇಡಿ ಭಾವ, ಜೋಪಾನವಾಗಿದೆ." ಭಾಮೈದ ಜೇಬು ತಟ್ಟಿಕೊಂಡ. "ತೂತಿಗೆ ಹಳೇ ಪೇಪರು ನೆನೆಸಿ, ಹಿಟ್ಟಿನ ಅಂಟಲ್ಲಿ ಕಲಸಿ ತುರುಕಿದೀನಿ. ನೂರಕ್ಕೆ ನೂರು ಹಸಿರು."

ಬಡಗಿ ಕೂಗುತ್ತಾ ಮೊಣಕಾಲುದ್ದ ನೀರಿಗೆ ಓಡಿದ. ಕಡಲಿನ ಅಬ್ಬರದಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಇನ್ನೆರಡು ಮೂರು ಅಲೆ ಹೇಗೋ ದಾಟಿದ ಬೋರ್ಡು ಆಮೇಲೆ ನೀರು ಕುಡಿದ ಎಮ್ಮೆಯ ಹಾಗೆ ಭಾರವಾಯಿತು, ಮೂತಿ ಅಡಿಗೆ ಹೋಯಿತು, ಹಿಂದಿನಿಂದ ಬಂದ ದೊಡ್ಡ ಅಲೆಯೊಂದು ಅದನ್ನು ಎತ್ತಿ ಬಂಡೆಗೆ ಅಪ್ಪಳಿಸಿತು. ಮಗಳ ತಲೆ ಕಾಣಲಿಲ್ಲ. ಆ ಗಳಿಗೆಯಲ್ಲಿ ಬಡಗಿಗೆ ಮುದ್ರೆ, ಕಾರ್ಖಾನೆ, ಮೂರು ತಿಂಗಳ ಬೆವರು ಯಾವುದೂ ನೆನಪಿಗೆ ಬರಲಿಲ್ಲ.

ಅವಳು ಈಜಿಕೊಂಡು ಬಂದಳು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. "ಎಷ್ಟು ಚೆನ್ನಾಗಿ ಹೋಗ್ತಿತ್ತು ಗೊತ್ತಾ ಅಪ್ಪ" ಎಂದವಳೇ ಅಳತೊಡಗಿದಳು. ಒಗೆದ ಅಂಗಿಯ ತುದಿಯಿಂದ ಅವಳ ತಲೆ ಒರೆಸುವಾಗ ಅವನಿಗೂ ತಡೆಯಲಾಗಲಿಲ್ಲ. ಸೀಳಿದ ಹಲಗೆಗಳು ಒಂದೊಂದಾಗಿ ತೇಲುತ್ತಾ ಕಣ್ಮರೆಯಾದವು.

ಭಾಮೈದನ ಮುಖದಲ್ಲಿ ರಕ್ತವಿರಲಿಲ್ಲ. ಅಧ್ಯಕ್ಷೆ ಮಾತ್ರ ಖಾಲಿ ಕಡಲನ್ನು ಬಹಳ ಹೊತ್ತು ನೋಡಿ, ಪೆನ್ನಿನ ಮುಚ್ಚಳ ತೆಗೆದರು.

"ಇನ್ನೊಂದು ಕಾಲಂ ಉಳಿದಿದೆ. ವಸ್ತು ಎಷ್ಟು ಕಾಲದಲ್ಲಿ ಪ್ರಕೃತಿಯನ್ನ ಸೇರುತ್ತೆ? ಇಲ್ಲೀವರೆಗೆ ಬಂದ ಬೋರ್ಡುಗಳಲ್ಲಿ ಅತಿ ಕಡಿಮೆ ಅಂದ್ರೆ ಎಂಟು ವರ್ಷ."

ಪಕ್ಕದ ಸದಸ್ಯರು ಕೈಗಡಿಯಾರ ನೋಡಿದರು. "ಹದಿನೇಳು ನಿಮಿಷ, ಮೇಡಂ."

ಅಧ್ಯಕ್ಷೆ ಬಡಗಿಯ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. "ಹಿಂದೆ ಒಂದು ಚೂರೂ ಕಸ ಉಳಿಸಿಲ್ಲ ನೀವು. ಸಮಿತಿಯ ಪ್ರದರ್ಶನಕ್ಕೆ ಇನ್ನೂರು ಬೇಕು. ಇದೇ ಥರ ಇರಲಿ, ಏನೂ ಬದಲಾಯಿಸ್ಬೇಡಿ." ಮುದ್ರೆ ಒತ್ತಲು ಬೋರ್ಡು ಇರಲಿಲ್ಲವಾದ್ದರಿಂದ ಅರ್ಜಿಯ ಮೇಲೆಯೇ ಒತ್ತಿ, ಮೂರು ಕಾರು ಹತ್ತಿ ಹೊರಟುಹೋದರು.

ಭಾಮೈದನಿಗೆ ಹೋದ ಜೀವ ಬಂದಿತ್ತು. ಮರಳಿನ ಮೇಲೆ ಕೂತು ಆಗಲೇ ಕಾರ್ಖಾನೆಯ ಹೆಸರು ಯೋಚಿಸುತ್ತಿದ್ದ. ಮೂವತ್ತು ವರ್ಷದಲ್ಲಿ ತಾನು ಮಾಡಿದ ಬಾಗಿಲೊಂದು ಕಿರುಗುಟ್ಟಿದರೂ ನಿದ್ದೆ ಬಾರದಿದ್ದ ಬಡಗಿ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಅಲ್ಲವೋ, ಗಿರಾಕಿಗಳು ರಿಪೇರಿಗೆ ಅಂತ ತಂದ್ರೆ ಏನು ಹೇಳೋದು?"

"ಏನನ್ನ ತರ್ತಾರೆ, ಭಾವ?"