ಮೊಣಕೈಯ ಎತ್ತರ

"ಕೈಯ ಮಡಿಚ್ಚು ನಿಲ್ಲುಂಗ ಸಾರ್," ಎಂದು ತಮಿಳಿನಲ್ಲಿ ಕೈ ಮಡಿಸಿ ನಿಲ್ಲಲು ಹೇಳುತ್ತಾ ಮೆಕ್ಯಾನಿಕ್ ಸೆಲ್ವಂ ಪ್ರತಾಪನ ಮೊಣಕೈಗೆ ಟೇಪು ಹಿಡಿದ. ಮರ ಕಡೆಯುವ ನಾನೂರು ಕಿಲೋದ ಹೊಸ ಲೇತ್ ಆಗಷ್ಟೇ ವೇಲಚೇರಿಯಲ್ಲಿದ್ದ ಪ್ರತಾಪನ ಮನೆಯ ಕಾರ್ ಷೆಡ್ಡಿಗೆ ಬಂದಿಳಿದಿತ್ತು. ಮರ ತಿರುಗುವ ಮಟ್ಟ ಕೆಲಸ ಮಾಡುವವರ ಮೊಣಕೈಗೆ ಸರಿಯಾಗಿರಬೇಕು. ಅದನ್ನು ಅಳೆದುಕೊಂಡೇ ಕೆಳಗಿನ ಕಾಂಕ್ರೀಟ್ ಕಟ್ಟೆ ಹಾಕಬೇಕು.

ಪ್ರತಾಪ ತನಗಲ್ಲವೆಂದು ತಲೆಯಾಡಿಸಿ, ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ತೋರಿಸಿದ. "ಅಮ್ಮಾವಾ?" ಎಂದು ಸೆಲ್ವಂ ಟೇಪನ್ನು ಬಿಟ್ಟೇಬಿಟ್ಟ.

ಶಿವಲಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವರೇ, ಲೇತಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಮಡಿಸಿದರು. ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಅವರು ಗೊಂಬೆ ಕಡೆದದ್ದು ಹಾಗೆಯೇ: ಯಾರದೋ ಕೈಲೇತಿನ ಮುಂದೆ, ನೆಲದಲ್ಲಿ ಕೂತು, ಬೆನ್ನು ಬಗ್ಗಿಸಿ.

"ಅಮ್ಮಾ, ಇದ್ರಲ್ಲಿ ನಿಂತ್ಕೊಂಡು ಮಾಡೋದು. ಏಳು," ಎಂದ ಪ್ರತಾಪ, ನಗು ತಡೆಯಲಾರದೆ.

ಲೇತಿನ ಕಬ್ಬಿಣದ ಕಾಲು ಹಿಡಿದು ಅವರು ಎದ್ದರು. ಬೆನ್ನು ಎಷ್ಟು ನೆಟ್ಟಗಾಗುತ್ತದೋ ಅಷ್ಟೂ ನೆಟ್ಟಗೆ ಮಾಡಿಕೊಂಡು ಗೋಡೆಗೆ ಒತ್ತಿ ನಿಂತರು. ಸೆಲ್ವಂ ಅವರ ಮೊಣಕೈ ಪಕ್ಕ ಪೆನ್ಸಿಲ್ಲಿನಿಂದ ಗೆರೆ ಎಳೆದ. ಗೆರೆಯನ್ನೂ ಆರಡಿಯ ಪ್ರತಾಪನನ್ನೂ ನೋಡಿ, ಇಷ್ಟು ಕೆಳಗಿಟ್ಟರೆ ಮುಂದೆ ಸಾರ್ ಕೆಲಸ ಮಾಡುವಾಗ ಬಗ್ಗಬೇಕಾಗುತ್ತದಲ್ಲ ಎಂದು ತಮಿಳಿನಲ್ಲಿ ರಾಗ ಎಳೆದ.

ಅಷ್ಟು ತಮಿಳು ಶಿವಲಿಂಗಮ್ಮನವರಿಗೆ ಅರ್ಥವಾಗುತ್ತಿತ್ತು. ಅವರು ಆ ಗೆರೆಯ ಮೇಲೆ ಬೆರಳೂರಿದರು.

"ಬಗ್ಗಲಿ ಬಿಡಪ್ಪ. ನಾನು ಬಗ್ಗಿದ್ದು ಸಾಕು."